ಗಂಟಿಲ್ಲದ ನವಿಲು

ಮಲಪ್ರಭೆಯ ದಡದಲ್ಲಿದ್ದ ಒಂದು ಮಠದಲ್ಲಿ, ಮಾಗಿಯ ಒಂದು ಅಪರಾಹ್ನ, ಪಾಠ ಮುಗಿದು ಉಳಿದ ಶಿಷ್ಯರೆಲ್ಲ ಹೊಳೆಯ ಕಡೆಗೆ ಹೋದ ಮೇಲೆ, ಅಮೃತೇಶನೆಂಬವನೊಬ್ಬನು ಗುರುಗಳ ಮುಂದೆ ಬಂದು ನಿಂತು ಈ ಪ್ರಶ್ನೆಯನ್ನು ಕೇಳಿದನು:

"ಗುರುಗಳೇ, ಪ್ರಕೃತಿ ತಾನಾಗಿಯೇ ಇದೆ, ಪೂರ್ಣವಾಗಿಯೂ ಇದೆ. ಅದರ ಪಕ್ಕದಲ್ಲಿ ಕಲೆಯನ್ನು ತಂದು ನಿಲ್ಲಿಸುವುದೇಕೆ? ಇದ್ದುದನ್ನೇ ಮಾಡಿದರೆ ಅದು ಮಾಡಿದ ಕೆಲಸವನ್ನೇ ಮತ್ತೆ ಮಾಡಿದಂತೆ. ಇಲ್ಲದ್ದನ್ನು ಮಾಡಿದರೆ ಅದು ಸುಳ್ಳು. ಇವೆರಡರ ನಡುವೆ ಕಲ್ಪನೆಗೆ ಉಳಿದ ಜಾಗವಾದರೂ ಯಾವುದು?"

ಗುರುಗಳಾದ ಶಂಭುಲಿಂಗಾರ್ಯರು ಅವನ ಕಡೆಗೆ ತಿರುಗಿದರು. ಅವನ ಕೈಗಳನ್ನು ನೋಡಿದರು. ಮೊಣಕೈಯವರೆಗೂ ಸುಣ್ಣ ಮೆತ್ತಿಕೊಂಡಿತ್ತು.

"ಪ್ರಶ್ನೆ ಬಾಯಲ್ಲಿದೆ, ನೀನೇ ಕೊಟ್ಟುಕೊಂಡ ಉತ್ತರ ಕೈಯಲ್ಲಿದೆ" ಎಂದರು. "ಮೊದಲು ಕೈಯ ಸಂಗತಿಯನ್ನು ಹೇಳು."

ಅಮೃತೇಶನು ತಲೆ ತಗ್ಗಿಸಿದನು. ಸಂಗತಿ ಇಷ್ಟೇ. ಅವರಿಬ್ಬರೂ ಇದ್ದ ಆ ಸಭಾಮಂಟಪದ ಗೋಡೆಯ ಮೇಲೆ ಚಿತ್ರ ಬರೆಯುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಹೊಳೆಯಾಚೆಗಿನ ಕೆಂಗಲ್ಲಿನ ಬೆಟ್ಟವನ್ನು ಅವನು ಬರೆಯತೊಡಗಿದ್ದನು. ಆ ಗೋಡೆಯಲ್ಲೇ ಒಂದು ದೊಡ್ಡ ಕಿಟಕಿ. ಕಿಟಕಿಯಲ್ಲಿ ಅದೇ ಬೆಟ್ಟ. ಅವನು ಒಂದು ಬಂಡೆಯನ್ನು ನೋಡುವನು, ಬರೆಯುವನು. ಒಂದು ಪೊದೆಯನ್ನು ನೋಡುವನು, ಬರೆಯುವನು. ಒಂದು ಎಲೆಯನ್ನು ಬಿಟ್ಟರೂ ಮೋಸವಾದೀತೆಂಬುದು ಅವನ ಎಣಿಕೆ. ಹೀಗೆ ಬೆಟ್ಟದ ಬುಡವೆಲ್ಲ ತುಂಬಿತು. ತುಂಬಿದಷ್ಟೂ ಗೋಡೆಯ ಬೆಟ್ಟ ಭಾರವಾಯಿತು, ಕಿಟಕಿಯ ಬೆಟ್ಟ ಹಗುರಾಗಿ ಬೆಳಕಿನಲ್ಲಿ ತೇಲುತ್ತಿತ್ತು. ಅಂತಿರಲಾಗಿ ಒಬ್ಬ ತಾರ್ಕಿಕನು ಮಠಕ್ಕೆ ಅತಿಥಿಯಾಗಿ ಬಂದವನು ಗೋಡೆಯನ್ನೂ ಕಿಟಕಿಯನ್ನೂ ಸರದಿಯಂತೆ ನೋಡಿ, "ಬೆಟ್ಟ ಬೇಕಾದವನಿಗೆ ಕಿಟಕಿ ಇದೆಯಲ್ಲ, ಗೋಡೆಯನ್ನೇಕೆ ಕೆಡಿಸಿದೆ?" ಎಂದು ನಕ್ಕು ಊಟಕ್ಕೆ ನಡೆದನು. ಊಟದ ಪಂಕ್ತಿಯಲ್ಲಿ ಉಳಿದವರೂ ನಕ್ಕರು. ಅಮೃತೇಶನು ಅರ್ಧ ಊಟಕ್ಕೆ ಎದ್ದನು. ಗೋಶಾಲೆಗೆಂದು ತರಿಸಿಟ್ಟಿದ್ದ ಸುಣ್ಣದ ಕಲ್ಲನ್ನು ಕೇಳಿ ಪಡೆದು, ಗಡಿಗೆಯಲ್ಲಿ ನೆನೆಯಿಟ್ಟನು. ಸುಣ್ಣ ಈಗ ಅರಳಿ ತಣ್ಣಗಾಗಿತ್ತು.

"ಗೋಡೆಗೆ ಸುಣ್ಣ ಬಳಿಯಲು ಅಪ್ಪಣೆಯಾಗಬೇಕು" ಎಂದನು ಅಮೃತೇಶ. "ಅದಾದ ಮೇಲೆ ನಾನು ಕುಂಚವನ್ನು ಮುಟ್ಟುವುದಿಲ್ಲ. ತರ್ಕವನ್ನು ಓದುತ್ತೇನೆ."

"ಸುಣ್ಣ ಒಂದು ಕತೆ ಮುಗಿಯುವವರೆಗೆ ಕಾಯಬಲ್ಲುದು" ಎಂದರು ಶಂಭುಲಿಂಗಾರ್ಯರು. "ಕುಳಿತುಕೋ. ಕೈ ತೊಳೆಯಬೇಡ, ಹಾಗೆಯೇ ಕುಳಿತುಕೋ."

ಅವನು ಕುಳಿತನು. ಗುರುಗಳು ಹೇಳತೊಡಗಿದರು.

ಧಾರವಾಡದ ಸೀಮೆಯ ಒಂದು ಊರಿನಲ್ಲಿ ಒಬ್ಬ ದೇಸಾಯಿ ಇದ್ದನು. ಅದೇ ಊರಿನಲ್ಲಿ ಕಸೂತಿ ಹಾಕುವ ಒಬ್ಬ ಹೆಣ್ಣುಮಗಳಿದ್ದಳು. ದೇಸಾಯಿಯ ವಾಡೆಯಿಂದ ಯಾವ ಮಗಳು ಮದುವೆಯಾಗಿ ಹೊರಟರೂ, ವಾಡೆಗೆ ಯಾವ ಸೊಸೆ ಬಂದರೂ ಅವಳ ಮೈಮೇಲೆ ಕರಿಯ ರೇಷ್ಮೆಯ ಚಂದ್ರಕಾಳಿ ಸೀರೆ ಇರಬೇಕು; ಆ ಸೀರೆಯ ಮೇಲಿನ ಕಸೂತಿ ಈ ಹೆಣ್ಣುಮಗಳ ಮನೆಯದೇ ಆಗಿರಬೇಕು. ಇದು ಅವಳ ಅಜ್ಜಿಯ ಕಾಲಕ್ಕಿಂತಲೂ ಹಿಂದಿನಿಂದ ನಡೆದುಬಂದ ರೂಢಿ. ಹೊಲವಿಲ್ಲದ, ಗಂಡನಿಲ್ಲದ ಅವಳಿಗೆ ಊರಿನಲ್ಲಿ ಒಂದು ಸ್ಥಾನವಿದ್ದರೆ ಅದು ಈ ರೂಢಿಯ ದೆಸೆಯಿಂದ.

ಕಸೂತಿಯಲ್ಲಿ ಗವಂತಿ ಎಂಬ ಹೊಲಿಗೆಯುಂಟು. ಅದನ್ನು ನೀನು ತಿಳಿಯಬೇಕು, ಕತೆಯೆಲ್ಲ ಅದರ ಮೇಲೆ ನಿಂತಿದೆ. ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ಹಾಸು ಹೊಕ್ಕುಗಳ ಎಳೆಗಳನ್ನು ಎಣಿಸುತ್ತ ಸೂಜಿ ಹೋಗಬೇಕು. ಹೋಗುವಾಗ ಒಂದು ಹೊಲಿಗೆ ಹಾಕಿದರೆ ಅಷ್ಟೇ ಜಾಗವನ್ನು ಖಾಲಿ ಬಿಡಬೇಕು. ಮತ್ತೆ ಒಂದು ಹೊಲಿಗೆ, ಮತ್ತೆ ಅಷ್ಟು ಖಾಲಿ. ಹೀಗೆ ಸೂಜಿ ಚಿತ್ರದ ಕೊನೆಯನ್ನು ಮುಟ್ಟಿ, ಅದೇ ದಾರದಿಂದ, ಅದೇ ಹಾದಿಯಲ್ಲಿ ಹಿಂದಿರುಗುತ್ತದೆ. ಹೋಗುವಾಗ ಬಿಟ್ಟ ಜಾಗಗಳನ್ನು ಬರುವಾಗ ತುಂಬುತ್ತದೆ. ಹೊರಟಲ್ಲಿಗೇ ಬಂದು ಸೇರಿದಾಗ ಮೊದಲಿನ ತುದಿಯೂ ಕೊನೆಯ ತುದಿಯೂ ಹೊಲಿಗೆಯೊಳಗೆ ಮರೆಯಾಗುತ್ತವೆ. ಎಲ್ಲಿಯೂ ಗಂಟಿಲ್ಲ. ಮೇಲಿನಂತೆಯೇ ಕೆಳಗೆ, ಕೆಳಗಿನಂತೆಯೇ ಮೇಲೆ. ಬೀಗರ ಕಡೆಯ ಹಿರಿಯಳು ಸೀರೆಯನ್ನು ಮಗುಚಿ ನೋಡಿ ಗಂಟು ಇದೆಯೇ ಎಂದು ಬೆರಳಾಡಿಸುವುದು ಮದುವೆಯ ಮುನ್ನಾದಿನದ ಒಂದು ಶಾಸ್ತ್ರವೇ ಆಗಿತ್ತು.

ಈ ದೇಸಾಯಿಗೆ ನವಿಲೆಂದರೆ ಪ್ರಾಣ. ತೋಟದಲ್ಲಿ ಒಂದು ಗಂಡು ನವಿಲನ್ನು ಸಾಕಿದ್ದನು. ಬೆಳಗಾದರೆ ತನ್ನ ಕೈಯಿಂದಲೇ ಅದಕ್ಕೆ ಜೋಳ ಹಾಕುವನು. ಅದು ಗರಿ ಬಿಚ್ಚಿದರೆ ನ್ಯಾಯ ಹೇಳುವುದನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೋಗುವನು. ವಾದಿ ಪ್ರತಿವಾದಿಗಳು ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತಿರಬೇಕು. ಅವನಿಗೆ ಒಬ್ಬಳೇ ಮಗಳು. ಮಾರ್ಗಶಿರದಲ್ಲಿ ಅವಳ ಮದುವೆ ನಿಶ್ಚಯವಾಯಿತು. ಮುಂಗಾರು ಹಿಡಿದ ದಿನಗಳಲ್ಲಿ ಆ ಹೆಣ್ಣುಮಗಳು ಮಾದರಿಯ ಕುಪ್ಪಸದ ತುಂಡೊಂದನ್ನು ತಂದು ಅವನ ಮುಂದೆ ಹರಡಿದಳು. ಅದರ ಮೇಲೆ ನವಿಲಿತ್ತು. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಅದರಲ್ಲಿ ಬಾಗಿದ ಗೆರೆಯೇ ಇರದು. ನೆಟ್ಟಗೆ, ಅಡ್ಡಕ್ಕೆ, ಇಲ್ಲವೇ ಓರೆಗೆ. ನವಿಲಿನ ಕೊರಳು ಏಣಿಯಂತೆ ಮೇಲೇರಿತ್ತು.

ದೇಸಾಯಿ ಬಟ್ಟೆಯನ್ನು ದೂರ ಹಿಡಿದು ನೋಡಿದನು. ಹತ್ತಿರ ಹಿಡಿದು ನೋಡಿದನು.

"ಏನವಾ ಇದು, ನವಿಲೋ, ಬಾವಿ ಮೆಟ್ಟಲೋ?"

"ನವಿಲರೀ, ಧಣಿ. ನಮ್ಮವ್ವನೂ ಇದನ್ನ ಹಾಕತಿದ್ಲು. ನಿಮ್ಮ ಹಡೆದವ್ವ ಈ ವಾಡೇಕ ಕಾಲಿಟ್ಟಾಗ ಆಕೀ ಸೆರಗಿನ ಮ್ಯಾಲೂ ಇದ ನವಿಲಿತ್ತು."

"ನಮ್ಮವ್ವ ಪಾಪ, ನವಿಲು ನೋಡಿದಾಕಿ ಅಲ್ಲ. ಯಾರೇನು ತೋರಿಸಿದರೂ ಹೌದಂತಿದ್ಲು. ನಾ ದಿನಾ ನೋಡತೀನಿ." ಅವನು ತೋಟದ ಕಡೆಗೆ ಬೆರಳು ಮಾಡಿದನು. "ಅಕಾ, ಅಲ್ಲಿ ನಿಂತದ. ಅದರ ಮೈಯಾಗ ಮೂಲಿ ಎಲ್ಲಿ ಅದಾವ, ತೋರಿಸು."

ದೇಸಾಯಿ ಕೆಟ್ಟವನಲ್ಲ. ತನ್ನ ಮಗಳು ನವಿಲೇ ಇಲ್ಲದ ಬಯಲಿನ ಊರಿಗೆ ಹೋಗುವವಳು, ತೌರಿನ ನವಿಲು ಸೀರೆಯಲ್ಲಾದರೂ ಅವಳ ಜೊತೆಗೆ ಹೋಗಲಿ ಎಂಬುದು ಅವನ ಆಸೆ. ಆದುದರಿಂದಲೇ ಅವನು ಕಟ್ಟುನಿಟ್ಟಾಗಿ ಹೇಳಿದನು: "ತೋಟದಾಗ ಕೂತು ನೋಡಿ ಹಾಕು. ನವಿಲು ನವಿಲಿನಂಗ ಆದರ ಸರಿ. ಆಗಲಿಲ್ಲಂದರ ಜರತಾರಿ ಸೀರಿ ತರಸತೀನಿ, ಇನ್ನ ಮುಂದ ಈ ವಾಡೇದ ಹೆಣ್ಣುಮಕ್ಕಳು ಜರತಾರೀನ ಉಡತಾರ."

ಅವಳು ಮನೆಗೆ ಬಂದು ಸೂಜಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುಳಿತಳು. ತನ್ನ ತಾಯಿಯ ಕೈಯಿಂದ ತನ್ನ ಕೈಗೆ ಬಂದ ಸೂಜಿ ಅದು. ತನ್ನ ಕೈಯಲ್ಲಿಯೇ ಅದು ಸುಮ್ಮನಾಗುವುದೇ? ಅವಳಿಗೆ ಹೆದರಿಕೆಯಾಯಿತು. ಹೆದರಿದ ಕೈ ಒಂದು ತಪ್ಪನ್ನು ಮಾಡಿತು. ಕಸೂತಿಯವರಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು.

ಅದೆಂತೆಂದರೆ, ಅವಳು ತೋಟದಲ್ಲಿ ಮಾವಿನ ಮರದ ಕೆಳಗೆ ಸೀರೆಯನ್ನು ತೊಡೆಯ ಮೇಲೆ ಹರಡಿ ಕುಳಿತಳು. ನವಿಲು ಗರಿ ಬಿಚ್ಚಿ ನಿಂತಿತ್ತು. ಅವಳು ಕಣ್ಣನ್ನು ಅದರಿಂದ ತೆಗೆಯದೆ ಸೂಜಿಯನ್ನು ಊರಿದಳು. ಒಂದು ಹೊಲಿಗೆ ಹಾಕಿದಳು. ಮುಂದಿನ ಜಾಗವನ್ನು ಖಾಲಿ ಬಿಡಬೇಕು. ಬಿಡಲು ಮನಸ್ಸಾಗಲಿಲ್ಲ. ಅಲ್ಲಿಯೂ ನವಿಲಿದೆಯಲ್ಲ. ಬಿಟ್ಟ ಜಾಗದಲ್ಲಿ ನವಿಲು ಇಲ್ಲದಂತಾಗುವುದಲ್ಲ. ಆದ್ದರಿಂದ ಅವಳು ಸೂಜಿಯನ್ನು ಅಲ್ಲಿಯೇ ಹಿಂದಕ್ಕೆ ತಿರುಗಿಸಿ, ಖಾಲಿಯನ್ನು ಆಗಲೇ ತುಂಬಿ ಮುಂದೆ ಹೋದಳು. ಒಂದು ಗೆರೆಯೂ ಕಡಿಯಲಿಲ್ಲ. ಕೊರಳಾಯಿತು, ರೆಕ್ಕೆಯಾಯಿತು. ಗರಿಯೊಳಗಿನ ಒಂದೊಂದು ಕಣ್ಣೂ ಆಯಿತು. ನವಿಲು ತಿರುಗಿದರೆ ಅವಳೂ ಸೀರೆಯೊಡನೆ ತಿರುಗಿ ಕೂರುವಳು. ತೋಟದವರು, "ನವಿಲಿಗೆ ಒಂದು ಹೆಣ್ಣು ಬಂತು" ಎಂದು ನಗುವರು. ಅವಳು ಕೇಳಿಸಿಕೊಳ್ಳಲಿಲ್ಲ.

ಶ್ರಾವಣ ಕಳೆಯಿತು. ಒಂದು ಮಧ್ಯಾಹ್ನ ಕೊನೆಯ ಗರಿಯ ಕೊನೆಯ ತುದಿಯನ್ನು ಅವಳ ಸೂಜಿ ಮುಟ್ಟಿತು. ಅಲ್ಲಿಗೆ ಸೂಜಿ ನಿಂತಿತು. ಹಿಂದಿರುಗಬೇಕು; ಹಿಂದಿರುಗಲು ಹಾದಿಯಿಲ್ಲ. ಎಲ್ಲಿಯೂ ಒಂದು ಖಾಲಿ ಜಾಗವನ್ನು ಅವಳು ಉಳಿಸಿರಲಿಲ್ಲ. ಹೊರಟ ತುದಿ ಸೀರೆಯ ಆ ಅಂಚಿನಲ್ಲಿ, ಸೂಜಿ ಈ ಅಂಚಿನಲ್ಲಿ. ದಾರವನ್ನು ಇಲ್ಲಿಯೇ ಕತ್ತರಿಸಿ ಗಂಟು ಹಾಕುವುದೊಂದೇ ಉಪಾಯ. ಅವಳು ಸೀರೆಯನ್ನು ಮಗುಚಿದಳು. ಕೆಳಗಡೆ ದಾರದ ಮೇಲೆ ದಾರ ಬಿದ್ದು ಕಾಗೆಯ ಗೂಡಿನಂತೆ ಕಂಡಿತು. ಮತ್ತೆ ಮೇಲ್ಮಗ್ಗುಲಿಗೆ ತಿರುಗಿಸಿ ನೋಡಿದಳು. ಗರಿಗಳೆಲ್ಲ ಇದ್ದುವು. ಗರಿಯ ಕಣ್ಣುಗಳೆಲ್ಲ ಇದ್ದುವು. ನವಿಲು ಮಾತ್ರ ಇರಲಿಲ್ಲ. ಬೇಟೆಗಾರನು ಹುಲ್ಲು ತುಂಬಿ ನಿಲ್ಲಿಸಿದ ಹಕ್ಕಿಯೊಂದಿತ್ತು.

ಅವಳು ಅಳಲಿಲ್ಲ. ಗಂಟನ್ನೂ ಹಾಕಲಿಲ್ಲ. ಮನೆಗೆ ಬಂದು, ಹಾಕಿದ ಹೊಲಿಗೆಯನ್ನೆಲ್ಲ ಒಂದೊಂದಾಗಿ ಬಿಚ್ಚತೊಡಗಿದಳು. ಹಾಕುವುದಕ್ಕಿಂತ ಬಿಚ್ಚುವುದಕ್ಕೆ ಹೆಚ್ಚು ದಿನ ಹಿಡಿಯಿತು. ಬಿಚ್ಚಿದ ಮೇಲೆ ರೇಷ್ಮೆಯ ಮೇಲೆ ಉಳಿದ ಸೂಜಿಯ ತೂತುಗಳನ್ನು ಒದ್ದೆ ಬಟ್ಟೆಯಿಂದ ಒರಸಿ, ಉಗುರಿನಿಂದ ತೀಡಿ ಮುಚ್ಚಿದಳು. ಸೀರೆ ಮತ್ತೆ ಕರಿದಾಯಿತು, ಏನೂ ನಡೆದೇ ಇಲ್ಲವೆಂಬಂತೆ.

ಇಷ್ಟರಲ್ಲಿ ದೀಪಾವಳಿ ಹತ್ತಿರವಾಯಿತು. ಇನ್ನೊಮ್ಮೆ ನವಿಲನ್ನು ನೋಡಿ ಮೊದಲಿನಿಂದ ಹಾಕೋಣವೆಂದು ಅವಳು ತೋಟಕ್ಕೆ ಹೋದಳು. ಹೋಗಿ ನೋಡಿದರೆ ನವಿಲಿಗೆ ಗರಿಯೇ ಇಲ್ಲ. ಮಳೆಗಾಲ ಮುಗಿದ ಮೇಲೆ ನವಿಲು ಗರಿ ಉದುರಿಸುವುದು ಅದರ ಧರ್ಮವಷ್ಟೆ. ಉದುರಿದ ಗರಿಗಳನ್ನು ಆಳುಗಳು ಆರಿಸಿ ಬೀಸಣಿಗೆಗೆ ಕಟ್ಟಿದ್ದರು. ಬೋಳು ಹಿಂಭಾಗವನ್ನು ಹೊತ್ತು ಹಕ್ಕಿ ಬೇಲಿಯ ಬದಿಯಲ್ಲಿ ಹುಳು ಹೆಕ್ಕುತ್ತಿತ್ತು. ಅವಳು ಅಲ್ಲಿಯೇ ಕುಳಿತಳು. ನೋಡಿ ಹಾಕು ಎಂದಿದ್ದನು ದೇಸಾಯಿ. ಇನ್ನು ನೋಡುವುದಕ್ಕೆ ಏನು ಉಳಿಯಿತು? ಮದುವೆಯ ಹೊತ್ತಿಗೆ ಗರಿ ಮತ್ತೆ ಬೆಳೆಯುವುದಿಲ್ಲ.

ಹಕ್ಕಿ ಅವಳನ್ನು ಲೆಕ್ಕಿಸದೆ ನಡೆಯುತ್ತಿತ್ತು. ಒಂದು ಕಾಲನ್ನು ಎತ್ತುವುದು, ಎತ್ತಿ ಹಿಡಿದು ಕ್ಷಣಕಾಲ ನಿಲ್ಲುವುದು, ಅನಂತರ ಊರುವುದು. ಮತ್ತೆ ಎತ್ತುವುದು, ನಿಲ್ಲುವುದು, ಊರುವುದು. ಇಡೀ ಮಳೆಗಾಲ ಅದರ ಮುಂದೆ ಕುಳಿತವಳಿಗೆ ಈ ನಡೆ ಕಂಡಿರಲಿಲ್ಲ. ಗರಿಯ ಸಂಭ್ರಮದಲ್ಲಿ ಅದು ಮುಚ್ಚಿಹೋಗಿತ್ತು. ಅವಳ ಬೆರಳು ತಾನಾಗಿಯೇ ತೊಡೆಯ ಮೇಲೆ ಅದರ ತಾಳವನ್ನು ಹಿಡಿಯಿತು. ಊರಿದ್ದು ಹೊಲಿಗೆ. ಎತ್ತಿದ್ದು ಬಿಟ್ಟ ಜಾಗ. ಕೆಸರಿನಲ್ಲಿ ಅದರ ಹೆಜ್ಜೆಗಳು ಒಂದಾದ ಮೇಲೊಂದು, ನಡುನಡುವೆ ಬರಿಯ ನೆಲವನ್ನು ಬಿಡುತ್ತ ಬೇಲಿಯವರೆಗೆ ಹೋಗಿದ್ದುವು. ಅದನ್ನು ಅವಳು ಕಣ್ಣರಳಿಸಿ ನೋಡಿದಳು. ಆ ಹೆಜ್ಜೆಯ ಸಾಲು ಗವಂತಿಯಾಗಿತ್ತು. ಹೋಗುವ ದಾರ ಅದು. ಹಕ್ಕಿ ಹೋಗುವುದನ್ನು ಮಾತ್ರ ಮಾಡಿ, ಬರುವುದನ್ನು ಯಾರಿಗೋ ಬಿಟ್ಟಿತ್ತು.

ಅವಳು ಎದ್ದು ಮನೆಗೆ ಹೋದಳು. ಮತ್ತೆ ತೋಟದ ಕಡೆಗೆ ಬರಲಿಲ್ಲ.

ಈ ಸಲ ಸೂಜಿ ಹೆದರದೆ ಹೋಯಿತು. ಒಂದು ಹೊಲಿಗೆ ಹಾಕಿತು, ಒಂದು ಜಾಗ ಬಿಟ್ಟಿತು. ಅವಳ ಕಣ್ಣಿನ ಮುಂದೆ ನವಿಲಿರಲಿಲ್ಲ. ಮಳೆಗಾಲದುದ್ದಕ್ಕೂ ಒಳಗಿಳಿದಿದ್ದ ನವಿಲು ಈಗ ಎಳೆ ಎಣಿಸುತ್ತ ಹೊರಗೆ ಬರುತ್ತಿತ್ತು. ಕೊರಳು ಏಣಿಯಂತೆಯೇ ಏರಿತು, ಮೂಲೆಗಳು ಮೂಲೆಗಳಾಗಿಯೇ ಉಳಿದುವು. ಆದರೆ ಇದು ತಾಯಿಯ ನವಿಲಲ್ಲ. ಅಜ್ಜಿಯ ಕಾಲದಿಂದ ಎರಡು ಕಾಲೂರಿ ನಿಂತೇ ಇದ್ದ ನವಿಲು ಇವಳ ಕೈಯಲ್ಲಿ ಮೊದಲ ಸಲ ಒಂದು ಕಾಲನ್ನು ಎತ್ತಿತು. ಆ ಎತ್ತಿದ ಕಾಲಿನ ಕೆಳಗೆ ಅವಳು ಒಂದು ಬೆರಳಿನಷ್ಟು ಕರಿಯ ರೇಷ್ಮೆಯನ್ನು ಏನೂ ಹಾಕದೆ ಬಿಟ್ಟಳು.

ನಡುವೆ ಒಂದು ದಿನ ದೇಸಾಯಿಯೇ ಅವಳ ಬಾಗಿಲಿಗೆ ಬಂದನು. ಆಗ ದಾರ ಇನ್ನೂ ಹೋಗುತ್ತಲೇ ಇತ್ತು. ಸೀರೆಯ ಮೇಲೆ ಚಿಕ್ಕ ಚಿಕ್ಕ ಗೆರೆಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಚೆಲ್ಲಿದ್ದುವು.

"ಅಲ್ಲವ್ವಾ, ಇಷ್ಟು ದಿನ ಕೂತು ಮಾಡಿದ್ದು ಇದನ?" ಎಂದನು. "ಇಲಿ ಕಡದಂಗ ಕಾಣಸತೈತಿ."

"ದಾರ ಇನ್ನ ಹೊಂಟೈತ್ರೀ, ಧಣಿ. ತಿರುಗಿ ಬಂದ ಮ್ಯಾಲ ನೋಡ್ರಿ."

"ಬರೂದರಾಗ ನನ್ನ ಮಗಳು ಗಂಡನ ಮನಿ ಸೇರತಾಳ" ಎಂದು ಅವನು ಹೊರಟನು. ಆ ವಾರವೇ ಜರತಾರಿ ಸೀರೆ ಬಂದು ವಾಡೆಯ ಪೆಟ್ಟಿಗೆಯಲ್ಲಿ ಕುಳಿತಿತು. ಊರಿನವರು ಅವಳನ್ನು ಕಂಡಾಗ ಮಾತನ್ನು ಅರ್ಧಕ್ಕೆ ನಿಲ್ಲಿಸುವರು. ಅವಳು ಮಾತ್ರ ಸೂಜಿಯನ್ನು ನಿಲ್ಲಿಸಲಿಲ್ಲ. ದಾರ ಗರಿಯ ತುದಿಯನ್ನು ಮುಟ್ಟಿತು, ತಿರುಗಿತು. ಹೋಗುವಾಗ ತಡವಾದದ್ದು ಬರುವಾಗ ತಡವಾಗಲಿಲ್ಲ. ಬಿಟ್ಟ ಜಾಗಗಳು ಸೂಜಿಯನ್ನು ಕರೆದು ಕರೆದು ಕೂಡಿಸಿಕೊಳ್ಳುತ್ತಿದ್ದುವು.

ಮದುವೆಯ ಮುನ್ನಾದಿನ ಬೀಗರು ಬಂದಿಳಿದರು. ವಾಡೆಯ ಅಂಗಳದಲ್ಲಿ ಜಮಖಾನೆ ಹಾಸಿದರು. ಮದುಮಗನ ಅಜ್ಜಿ ನಡುವೆ ಕುಳಿತಳು. ಮುದುಕಿಗೆ ಕಣ್ಣು ಮಂಜು. ಹತ್ತಿರದ್ದು ಅಷ್ಟಿಷ್ಟು ಕಾಣುವುದು, ದೂರದ್ದು ನೆರಳಿನಂತೆ. ಅವಳ ಬೆರಳುಗಳಿಗೆ ಮಾತ್ರ ಯಾರೂ ಮೋಸ ಮಾಡುವಂತಿರಲಿಲ್ಲ. ಒಂದು ಕಡೆ ಜರತಾರಿಯ ಪೆಟ್ಟಿಗೆಯನ್ನು ತಂದಿಟ್ಟಿದ್ದರು. ಆ ಹೆಣ್ಣುಮಗಳು ಬಂದು ಕರಿಯ ಸೀರೆಯನ್ನು ಮುದುಕಿಯ ಮಡಿಲಿನಲ್ಲಿಟ್ಟು ಹಿಂದೆ ಸರಿದಳು.

ಮುದುಕಿ ಬೆರಳಾಡಿಸಿದಳು. ಸೀರೆಯನ್ನು ಮಗುಚಿದಳು, ಮತ್ತೆ ಬೆರಳಾಡಿಸಿದಳು. ಮತ್ತೊಮ್ಮೆ ಮಗುಚಿದಳು.

"ಎವ್ವಾ, ಗಂಟಂತೂ ಇಲ್ಲ" ಎಂದಳು. "ಇದರಾಗ ಒಳಗ ಯಾವುದು, ಹೊರಗ ಯಾವುದು?"

"ಅದನ್ನ ಉಟ್ಟಾಕಿ ಹೇಳಬೇಕ್ರೀ, ಅಮ್ಮಾ. ನನಗೂ ತಿಳಿದಿಲ್ಲ."

ಮುದುಕಿ ಸೆರಗನ್ನು ಮುಖದ ಹತ್ತಿರಕ್ಕೆ ತಂದುಕೊಂಡಳು. ಬೆರಳು ಎತ್ತಿದ ಕಾಲನ್ನು ತಡವಿ, ಅದರ ಕೆಳಗಿನ ಬರಿಯ ರೇಷ್ಮೆಗೆ ಬಂದು ನಿಂತಿತು. ಅವಳ ಮುಖ ಅರಳಿತು. "ಕುಣಿಯಾಕತೈತಿ" ಎಂದಳು. "ಸಣ್ಣಾಕಿದ್ದಾಗ ನಮ್ಮಪ್ಪನ ಊರಾಗ ನೋಡಿದ್ದೆ. ಹಿಂಗ ಒಂದು ಕಾಲು ಎತ್ತಿ ನಿಂದರತಿತ್ತು, ಮಳಿ ಬರೂ ಮುಂದ. ಇಕಾ, ನವಿಲಂದರ ಇದು."

ಅದೇ ಹೊತ್ತಿಗೆ ದೇಸಾಯಿಯ ಗರಿಯಿಲ್ಲದ ನವಿಲು ತೋಟದಿಂದ ಅಂಗಳಕ್ಕೆ ನುಸುಳಿ, ಹಸೆಯ ಮೇಲೆ ಚೆಲ್ಲಿದ ಅಕ್ಕಿಯನ್ನು ಹೆಕ್ಕತೊಡಗಿತು. ಮುದುಕಿ ಆ ನೆರಳನ್ನು ದಿಟ್ಟಿಸಿದಳು.

"ಅಲ್ರೀ ಬೀಗರ, ಇಷ್ಟು ದೊಡ್ಡ ಕೋಳಿ ಎಲ್ಲಿ ಸಿಕ್ಕಿತು ನಿಮಗ? ಯಾರಾರ ಓಡಸ್ರೀ ಅದನ್ನ, ಸೀರಿ ತುಳದೀತು."

ಅಂಗಳವೆಲ್ಲ ನಗೆಯಿಂದ ತುಂಬಿತು. ದೇಸಾಯಿಗೆ ಮೊದಲು ಮುಖ ಕೆಂಪಾಯಿತು. ಅವನು ತನ್ನ ಹಕ್ಕಿಯನ್ನು ನೋಡಿದನು, ಸೀರೆಯನ್ನು ನೋಡಿದನು. ಆಮೇಲೆ ಅವನೂ ನಕ್ಕನು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕನು. ನಗೆ ನಿಂತ ಮೇಲೆ ಅವನು ಸೀರೆಯ ಮುಂದೆ ಮೊಣಕಾಲೂರಿ ಕುಳಿತನು. ತಾನು ದಿನವೂ ಜೋಳ ಹಾಕುವ ನವಿಲು ಅಲ್ಲಿ ಮೂಲೆ ಮೂಲೆಯಾಗಿ, ಮೆಟ್ಟಲು ಮೆಟ್ಟಲಾಗಿ, ಮಳೆಗೆ ಮೊದಲಿನ ಗತ್ತಿನಲ್ಲಿ ನಿಂತಿತ್ತು. ಅದರ ಮೈಯಲ್ಲಿ ಮೂಲೆ ಎಲ್ಲಿದೆ ಎಂದು ಅವನು ಕೇಳಲಿಲ್ಲ.

"ತೋಟದಾಗ ಗರಿ ಇಲ್ಲ" ಎಂದನು ಮೆಲ್ಲಗೆ. "ಇವನ್ನ ಎಲ್ಲಿಂದ ತಂದಿ, ತಂಗಿ?"

"ಅದು ಬಿಟ್ಟು ಹೋದ ಹಾದಿಯೊಳಗ ತಿರುಗಿ ಬಂದೇನ್ರೀ, ಅಣ್ಣಾರ."

ಮರುದಿನ ಮಗಳು ಆ ಸೀರೆಯನ್ನುಟ್ಟು ಹೊರಟಳು. ವಾಡೆಯ ಬಾಗಿಲಿನಿಂದ ಊರ ಅಗಸೆಬಾಗಿಲಿನವರೆಗೆ ಜನ ಇಕ್ಕೆಲಗಳಲ್ಲಿ ನಿಂತು ನೋಡಿದರು. ಬಂಡಿಯ ಹಿಂದೆ ನಡೆಯುತ್ತಿದ್ದ ಆ ಹೆಣ್ಣುಮಗಳನ್ನು ದೇಸಾಯಿ ಕರೆದು ತನ್ನ ಪಕ್ಕದಲ್ಲಿ ನಡೆಸಿಕೊಂಡು ಹೋದನು. ಜರತಾರಿ ಪೆಟ್ಟಿಗೆಯಲ್ಲಿಯೇ ಉಳಿಯಿತು. ಮುಂದಿನ ಮುಂಗಾರಿಗೆ ನವಿಲಿಗೆ ಹೊಸ ಗರಿ ಬಂದು, ಅದು ಒಂದು ಕಾಲೆತ್ತಿ ನಿಂತಾಗ ವಾಡೆಯ ಹೆಂಗಸರು ಒಬ್ಬರನ್ನೊಬ್ಬರು ಕರೆದು ತೋರಿಸಿದರು. ಏನೆಂದು ಬಲ್ಲೆಯಾ? "ನೋಡ್ರೇ, ನಮ್ಮ ನವಿಲು ಸೀರೀ ನವಿಲಿನಂಗ ಕುಣೀತೈತಿ" ಎಂದು.

ಶಂಭುಲಿಂಗಾರ್ಯರು ಕತೆಯನ್ನು ಇಲ್ಲಿಗೆ ನಿಲ್ಲಿಸಿ ಮೇಲುಹೊದಿಕೆಯನ್ನು ಸರಿಪಡಿಸಿಕೊಂಡರು. ಬಿಸಿಲು ಮಂಟಪದ ಕಂಬಗಳ ನಡುವಿನಿಂದ ಸರಿದು ಗೋಡೆಯ ಮೇಲೆ ಬಿದ್ದಿತ್ತು. ಅರ್ಧ ಬರೆದ ಬೆಟ್ಟ ಬುಡದಲ್ಲಿ ಕಿಕ್ಕಿರಿದು, ಮೇಲೆ ಬರಿದಾಗಿ ನಿಂತಿತ್ತು. ಅಮೃತೇಶನಿಗೆ ಕತೆ ನಾಟಿತ್ತು. ಆದರೆ ತಾರ್ಕಿಕನ ನಗೆಯೂ ಕಿವಿಯಿಂದ ಹೋಗಿರಲಿಲ್ಲ.

"ಗುರುಗಳೇ, ನವಿಲು ಗರಿ ಉದುರಿಸಿತು, ಅದರಿಂದ ಅವಳ ಸೀರೆಗೆ ಬೆಲೆ ಬಂತು" ಎಂದನು. "ಬೆಟ್ಟ ಏನನ್ನೂ ಉದುರಿಸುವುದಿಲ್ಲ. ಅದು ನಿನ್ನೆಯೂ ಕಿಟಕಿಯಲ್ಲಿತ್ತು, ನಾಳೆಯೂ ಇರುತ್ತದೆ. ಅದಕ್ಕೆ ನನ್ನಿಂದ ಆಗಬೇಕಾದ್ದೇನು?"

ಗುರುಗಳು ಅವನ ಸುಣ್ಣದ ಕೈಗಳನ್ನು ಮತ್ತೊಮ್ಮೆ ನೋಡಿದರು.

"ಬೆಟ್ಟ ಹೊರಟು ನಿನ್ನವರೆಗೆ ಬಂದು ಮುಟ್ಟಿದೆ, ಅಮೃತೇಶಾ, ದಾರ ಹಿಂದಿರುಗಬೇಕಾದ ಹೊತ್ತಿನಲ್ಲಿ ನೀನು ಕತ್ತರಿಯನ್ನು ಕೇಳುತ್ತಿದ್ದೀಯೆ."

ಹೊಳೆಗೆ ಹೋದವರು ಹಿಂದಿರುಗುವವರೆಗೂ ಅವನು ಅಲ್ಲಿಯೇ ಕುಳಿತಿದ್ದನು.

ಮರುದಿನ ಬೆಳಗ್ಗೆ ಅವನು ಕಿಟಕಿಯ ಕದವನ್ನು ಮುಚ್ಚಿ, ಬೆಟ್ಟದ ಬುಡದಲ್ಲಿ ಕಿಕ್ಕಿರಿದಿದ್ದ ಪೊದೆಗಳನ್ನು ಒದ್ದೆ ಬಟ್ಟೆಯಿಂದ ಒರಸಿ, ಕುಂಚವನ್ನು ಕೈಗೆತ್ತಿಕೊಂಡನು. ಯುಗಾದಿಯ ಹೊತ್ತಿಗೆ ಗೋಡೆ ಪೂರ್ಣವಾಯಿತು. ಬಂಡೆಗಳು ಕೆಲವೇ ಇದ್ದುವು. ಬೆಟ್ಟಕ್ಕೂ ಹೊಳೆಗೂ ನಡುವೆ ಅಗಲವಾದ ಜಾಗವೊಂದನ್ನು ಅವನು ಏನೂ ಬರೆಯದೆ ಬಿಟ್ಟಿದ್ದನು. ಆ ವರ್ಷ ತಾರ್ಕಿಕನು ಮತ್ತೆ ಬಂದನು. ಗೋಡೆಯ ಮುಂದೆ ಬಹಳ ಹೊತ್ತು ನಿಂತನು. ಊಟಕ್ಕೆ ಕರೆದರೂ ಹೋಗಲಿಲ್ಲ. ಕೊನೆಗೆ ಅಮೃತೇಶನ ಕಡೆಗೆ ತಿರುಗಿ, "ಆ ಕಿಟಕಿಯನ್ನು ಸ್ವಲ್ಪ ತೆರೆ, ಬೆಟ್ಟವನ್ನು ನೋಡಬೇಕು" ಎಂದನು. ಅಮೃತೇಶನು ತೆರೆದನು.

ನೆನೆಯಿಟ್ಟಿದ್ದ ಸುಣ್ಣವನ್ನು ಗೋಶಾಲೆಯ ಗೋಡೆಗೆ ಬಳಿದರು.